ಕವಚ ತೊಟ್ಟ ಪುಟ್ಟ ಮೀನು



ನಿಮ್ಮಲ್ಲಿ ಕೆಲವರ ಮನೆಯಲ್ಲಿ ಒಂದು ಗಾಜಿನ ತೊಟ್ಟಿ ಇರಬಹುದು. ಮಕ್ಕಳ ಹಟಕ್ಕೆ ಮಣಿದು ತಂದದ್ದು. ಅದರಲ್ಲಿ ನಾಲ್ಕೈದು ಬಣ್ಣದ ಮೀನುಗಳು, ತಳದಲ್ಲಿ ಬಣ್ಣದ ಕಲ್ಲುಗಳು. ಆ ಕಲ್ಲುಗಳ ನಡುವೆ ಮೂತಿ ತೂರಿಸಿಕೊಂಡು ಸದಾ ಏನನ್ನೋ ಹುಡುಕುತ್ತಿರುವ ಒಂದು ಪುಟ್ಟ ಮೀಸೆಯ ಮೀನನ್ನು ನೀವು ಗಮನಿಸಿದ್ದೀರಾ? ಅಂಗಡಿಯವರು ಅದನ್ನು ‘ಕ್ಲೀನರ್’ ಎಂದು ಕರೆಯುತ್ತಾರೆ. ಈ ತಿಂಗಳು ಆ ಮೀನಿನ ಬಗ್ಗೆ ಮಾತಾಡೋಣ. ಅದಕ್ಕೊಂದು ಕಾರಣವಿದೆ. ಹೇಳಿಕೊಳ್ಳಲು ಸ್ವಲ್ಪ ನಾಚಿಕೆಯೂ ಇದೆ.

ಈದ್‌ನ ಮರುದಿನ ನನ್ನ ತಮ್ಮ ನಾಲ್ಕನೇ ತರಗತಿಯಲ್ಲಿ ಓದುವ ನನ್ನ ಮಗಳಿಗೆ ಒಂದು ಚಿಕ್ಕ ಗಾಜಿನ ತೊಟ್ಟಿ ತಂದುಕೊಟ್ಟ. ಜೊತೆಗೆ ಮೂರು ಗೋಲ್ಡ್‌ಫಿಶ್ ಮತ್ತು ಕಂಚಿನ ಬಣ್ಣದ ಒಂದು ಮೀಸೆಯ ಮೀನು. “ಅಕ್ಕಾ, ಈ ಮೀಸೆಯ ಮೀನಿಗೆ ಏನೂ ಹಾಕಬೇಕಾಗಿಲ್ಲವಂತೆ. ಉಳಿದ ಮೀನುಗಳ ಕೊಳೆ ತಿಂದುಕೊಂಡು ಬದುಕುತ್ತದಂತೆ. ಅಂಗಡಿಯವನು ಹೇಳಿದ” ಎಂದ. ನಾನೂ ನಂಬಿದೆ. ನನಗೂ ಅದು ಅನುಕೂಲವಾಗಿಯೇ ಕಂಡಿತು. ತೊಟ್ಟಿ ತೊಳೆಯುವ ಕೆಲಸ ಕಡಿಮೆಯಾಯಿತಲ್ಲ!

ಮಗಳು ದಿನಾ ಬೆಳಿಗ್ಗೆ ಚಿಟಿಕೆಯಷ್ಟು ಆಹಾರ ಹಾಕುತ್ತಿದ್ದಳು. ಅದು ನೀರಿನ ಮೇಲೆ ತೇಲುತ್ತಿತ್ತು. ಗೋಲ್ಡ್‌ಫಿಶ್‌ಗಳು ಕ್ಷಣದಲ್ಲಿ ಅದನ್ನು ಮುಗಿಸುತ್ತಿದ್ದವು. ಕೆಳಗಿನ ಮೀನು ಕಲ್ಲುಗಳ ನಡುವೆ ಹುಡುಕುತ್ತಲೇ ಇರುತ್ತಿತ್ತು. ಆಗಾಗ ಬಾಣದಂತೆ ಮೇಲಕ್ಕೆ ಬಂದು ಬಾಯಿ ತೆರೆದು ಮತ್ತೆ ತಳಕ್ಕೆ ಇಳಿಯುತ್ತಿತ್ತು. “ಉಮ್ಮಾ, ನೋಡಿ, ಅದು ಆಟ ಆಡ್ತಿದೆ” ಎಂದು ಮಗಳು ನಗುತ್ತಿದ್ದಳು. ಐದನೆಯ ವಾರ ಒಂದು ಬೆಳಿಗ್ಗೆ ಅದು ಕಲ್ಲುಗಳ ಮೇಲೆ ಒರಗಿ ಬಿದ್ದಿತ್ತು. ಹೊಟ್ಟೆ ಒಳಕ್ಕೆ ಅಂಟಿಕೊಂಡಿತ್ತು. ಮೀಸೆಗಳು ಸವೆದು ಹೋಗಿದ್ದವು.

ಹಿತ್ತಿಲಿನ ಬಾಳೆಯ ಬುಡದಲ್ಲಿ ಅದನ್ನು ಹೂತು ಬಂದ ಮೇಲೆ ಮಗಳು ಕೇಳಿದಳು: “ಉಮ್ಮಾ, ಮಾಮ ಇದನ್ನು ಕ್ಯಾಟ್‌ಫಿಶ್ ಎಂದಿದ್ದರು. ಹಾಗಾದರೆ ಇದೂ ಬೆಕ್ಕೇ ಅಲ್ವಾ?”

ಮಗಳು ಏಕೆ ಹಾಗೆ ಕೇಳಿದಳೆಂದು ನಿಮಗೆ ಅರ್ಥವಾಗಿರಬಹುದು. ಬೆಕ್ಕನ್ನು ಕಟ್ಟಿಹಾಕಿದ ಮಹಿಳೆಯ ಕುರಿತಾದ ಹದೀಸನ್ನು ಹಿಂದಿನ ವಾರವಷ್ಟೇ ಅವಳು ಮದ್ರಸದಲ್ಲಿ ಕಲಿತಿದ್ದಳು. ಆ ಮಹಿಳೆ ಬೆಕ್ಕಿಗೆ ತಾನೂ ಆಹಾರ ಕೊಡಲಿಲ್ಲ. ನೆಲದ ಹುಳುಹುಪ್ಪಟೆಗಳನ್ನು ತಿಂದು ಬದುಕಲು ಅದನ್ನು ಬಿಡಲೂ ಇಲ್ಲ. ಅದು ಹಸಿವಿನಿಂದ ಸತ್ತಿತು. ಅದೇ ಕಾರಣಕ್ಕೆ ಅವಳು ಶಿಕ್ಷೆಗೆ ಗುರಿಯಾದಳೆಂದು ಪ್ರವಾದಿವರ್ಯರು(ಸ) ತಿಳಿಸಿರುವುದು ಬುಖಾರಿ ಮತ್ತು ಮುಸ್ಲಿಮ್ ಎರಡರಲ್ಲೂ ವರದಿಯಾಗಿದೆ. ನಾನು ಎಷ್ಟೋ ವರ್ಷ ತರಗತಿಯಲ್ಲಿ ಕಲಿಸಿದ ಹದೀಸ್ ಅದು. ಅಂದು ನನ್ನ ಮಗಳ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ.

ಆ ಬಳಿಕವಷ್ಟೇ ನಾನು ಈ ಮೀನಿನ ಬಗ್ಗೆ ಓದಲು ಕುಳಿತೆ. ಮೊದಲೇ ಓದಬೇಕಿತ್ತು.

ಹೆಸರಿನಲ್ಲೇ ಕವಚ

ಈ ಮೀನಿನ ಹೆಸರು ಕೋರಿಡೊರಾಸ್. 1803ರಲ್ಲಿ ಲಾಸೆಪೆಡ್ ಎಂಬ ಫ್ರೆಂಚ್ ವಿಜ್ಞಾನಿ ಇಟ್ಟ ಹೆಸರು. ಶಿರಸ್ತ್ರಾಣ ಮತ್ತು ಚರ್ಮ ಎಂಬ ಅರ್ಥದ ಎರಡು ಗ್ರೀಕ್ ಪದಗಳಿಂದ ಅದನ್ನು ಮಾಡಲಾಗಿದೆ. ಇವುಗಳಲ್ಲಿ ನೂರಾರು ಜಾತಿಗಳಿವೆ. 2024ರಲ್ಲಿ ವಿಜ್ಞಾನಿಗಳು ಈ ದೊಡ್ಡ ಗುಂಪನ್ನು ಒಡೆದು ಹಲವು ಕುಲಗಳಾಗಿ ವಿಂಗಡಿಸಿದ್ದಾರೆ. ಆದರೆ ಅಂಗಡಿಗಳಲ್ಲಿ ಹಳೆಯ ಹೆಸರೇ ನಡೆಯುತ್ತದೆ. ನಾವೂ ಅದನ್ನೇ ಬಳಸೋಣ.

ಗಾತ್ರದಲ್ಲಿ ಇವು ಬಹಳ ಚಿಕ್ಕವು. ನಮ್ಮ ಮನೆಗೆ ಬಂದಿದ್ದ ಕಂಚಿನ ಬಣ್ಣದ ಜಾತಿ ಆರೇಳು ಸೆಂಟಿಮೀಟರ್ ಬೆಳೆಯುತ್ತದೆ. ಎರಡು-ಮೂರು ಸೆಂಟಿಮೀಟರಿಗೇ ಬೆಳವಣಿಗೆ ಮುಗಿಸುವ ಕುಳ್ಳ ಜಾತಿಯೂ ಇದೆ.

ನಾವು ಅಡುಗೆಮನೆಯಲ್ಲಿ ಮೀನು ಹೆರೆಯುವಾಗ ಸಿಡಿಯುವ ಹುರುಪೆ ಇದಕ್ಕಿಲ್ಲ. ಅದರ ಬದಲು ಮೈಯ ಎರಡೂ ಬದಿಗಳಲ್ಲಿ ಮೂಳೆಯ ಬಿಲ್ಲೆಗಳು ಎರಡೆರಡು ಸಾಲಾಗಿ ಜೋಡಿಸಲ್ಪಟ್ಟಿವೆ. ಮಾಡಿನ ಮೇಲೆ ಹೆಂಚು ಹೊದಿಸಿದ್ದನ್ನು ನೆನಪಿಸಿಕೊಳ್ಳಿ. ಒಂದರ ಅಂಚು ಇನ್ನೊಂದರ ಮೇಲೆ ಕುಳಿತಿರುತ್ತದೆ. ಮೈ ಬಾಗಿಸಲು ಅಡ್ಡಿಯಿಲ್ಲ, ಕಚ್ಚಲು ಬರುವ ಶತ್ರುವಿನ ಹಲ್ಲಿಗೆ ಮಾತ್ರ ಎಡೆಯಿಲ್ಲ. ಬೆನ್ನಿನ ರೆಕ್ಕೆಯಲ್ಲಿ ಒಂದು, ಎದೆಯ ರೆಕ್ಕೆಗಳಲ್ಲಿ ಒಂದೊಂದು ಗಟ್ಟಿ ಮುಳ್ಳಿದೆ. ಅಪಾಯ ಕಂಡಾಗ ಮೂರೂ ಮುಳ್ಳುಗಳು ನೆಟ್ಟಗೆ ನಿಂತು ಬಿಗಿದುಕೊಳ್ಳುತ್ತವೆ. ನುಂಗಲು ಬಂದ ಮೀನಿಗೆ ಗಂಟಲಲ್ಲಿ ಮೂಳೆ ಸಿಕ್ಕಿದಂತಾಗುತ್ತದೆ. ಯಾರ ಮೇಲೂ ದಾಳಿ ಮಾಡಲು ಇದಕ್ಕೆ ಆಯುಧವಿಲ್ಲ. ತನ್ನನ್ನು ಕಾಪಾಡಿಕೊಳ್ಳಲು ಬೇಕಾದಷ್ಟನ್ನು ಮಾತ್ರ ಅಲ್ಲಾಹನು ಅದಕ್ಕೆ ಕೊಟ್ಟಿದ್ದಾನೆ.

ಅದರ ಊರು ಯಾವುದು?

ಈ ಮೀನಿನ ಊರು ದಕ್ಷಿಣ ಅಮೆರಿಕ. ಉತ್ತರದ ಟ್ರಿನಿಡಾಡ್ ದ್ವೀಪದಿಂದ ದಕ್ಷಿಣದ ಅರ್ಜೆಂಟೀನದವರೆಗೆ, ಆಂಡಿಸ್ ಪರ್ವತದ ಪೂರ್ವಕ್ಕೆ ಹರಿಯುವ ನದಿಗಳಲ್ಲಿ ಇದರ ಜಾತಿಗಳಿವೆ. ಮಚ್ಚೆಯ ಒಂದು ಜಾತಿಯನ್ನು ಚಾರ್ಲ್ಸ್ ಡಾರ್ವಿನ್ ತನ್ನ ಬೀಗಲ್ ಹಡಗಿನ ಪ್ರಯಾಣದಲ್ಲಿ ಸಂಗ್ರಹಿಸಿ ಇಂಗ್ಲೆಂಡಿಗೆ ಒಯ್ದಿದ್ದ. ಅದನ್ನು 1842ರಲ್ಲಿ ವಿವರಿಸಿ ಬರೆದವನು ಲಿಯೊನಾರ್ಡ್ ಜೆನಿನ್ಸ್ ಎಂಬ ಪಾದ್ರಿ.

ನಮ್ಮ ಕಂಚಿನ ಮೀನನ್ನು ಮೊದಲು ವಿವರಿಸಿದ್ದು 1858ರಲ್ಲಿ, ಟ್ರಿನಿಡಾಡ್‌ನಿಂದ. ಆ ದ್ವೀಪಕ್ಕೂ ನಮ್ಮ ದೇಶಕ್ಕೂ ಒಂದು ಸಂಬಂಧವಿದೆ. ಕಬ್ಬಿನ ತೋಟದಲ್ಲಿ ದುಡಿಯಲು ಭಾರತದಿಂದ ಕರಾರಿನ ಕೂಲಿಗಳನ್ನು ಹೊತ್ತ ಮೊದಲ ಹಡಗು ಅಲ್ಲಿಗೆ ತಲುಪಿದ್ದು 1845ರ ಮೇ 30ರಂದು. ಆ ಹಡಗಿನ ಹೆಸರು ಫತ್‌ಹುರ್ರಝಾಕ್. ಅನ್ನದಾತನಾದ ಅಲ್ಲಾಹನ ‘ರಝಾಕ್’ ಎಂಬ ನಾಮ ಅದರಲ್ಲಿದೆ. ಅಂದು ಹೋದವರಲ್ಲಿ ಮುಸ್ಲಿಮರೂ ಇದ್ದರು. ಅವರ ಸಂತತಿ ಇಂದಿಗೂ ಅಲ್ಲಿದೆ. ಅನ್ನವನ್ನು ಅರಸುತ್ತಾ ಅವರು ಕಡಲು ದಾಟಿದ ಅದೇ ದ್ವೀಪದ ತೋಡುಗಳ ತಳದಲ್ಲಿ ಈ ಮೀನು ತನ್ನ ಅನ್ನವನ್ನು ಹುಡುಕಿಕೊಳ್ಳುತ್ತಿತ್ತು.

ಅಮೆಝಾನ್ ಪ್ರದೇಶದಲ್ಲಿ ಇವು ಹೆಚ್ಚಾಗಿ ಇರುವುದು ದೊಡ್ಡ ನದಿಯ ನಡುನೀರಿನಲ್ಲಲ್ಲ. ಕಾಡಿನ ಒಳಗಿನಿಂದ ಬರುವ ತೋಡುಗಳಲ್ಲಿ, ಹೊಯಿಗೆಯ ದಂಡೆಗಳ ಬದಿಯಲ್ಲಿ, ನೆರೆ ಇಳಿದ ಮೇಲೆ ಉಳಿಯುವ ಹೊಂಡಗಳಲ್ಲಿ. ತಳದಲ್ಲಿ ನುಣ್ಣನೆಯ ಮರಳು. ಅದರ ಮೇಲೆ ಮರಗಳಿಂದ ಉದುರಿದ ಎಲೆಗಳ ಹಾಸು. ಕೆಲವು ಕಡೆ ಆ ಎಲೆಗಳ ಸತ್ವ ಇಳಿದು ನೀರು ಕಡು ಚಹಾದ ಬಣ್ಣಕ್ಕೆ ತಿರುಗಿರುತ್ತದೆ. ರಿಯೊ ನೆಗ್ರೊ, ಅಂದರೆ ಕಪ್ಪು ನದಿ, ಎಂಬ ಹೆಸರು ಬಂದಿರುವುದೇ ಹಾಗೆ. ಮಳೆಗಾಲದಲ್ಲಿ ನದಿ ಉಕ್ಕಿ ಕಾಡಿನೊಳಗೆ ನುಗ್ಗುತ್ತದೆ. ಮನೌಸ್ ನಗರದ ಬಳಿ ಬೇಸಗೆಯ ಮತ್ತು ನೆರೆಯ ನೀರಿನ ಮಟ್ಟಗಳ ನಡುವೆ ಸುಮಾರು 10 ಮೀಟರ್ ವ್ಯತ್ಯಾಸವಿರುತ್ತದೆ. ಮೂರು ಅಂತಸ್ತಿನ ಮನೆಯ ಎತ್ತರ! ಆಗ ಮೀನುಗಳು ಮರಗಳ ನಡುವೆ ಈಜುತ್ತವೆ. ಮಳೆಯ ತಂಪು ನೀರು ಸೇರಿದಾಗಲೇ ಈ ಮೀನುಗಳು ಮೊಟ್ಟೆಯಿಡುವ ಕಾಲ. ಹೆಣ್ಣು ಮೀನು ಹೊಟ್ಟೆಯ ಕೆಳಗಿನ ಎರಡು ರೆಕ್ಕೆಗಳನ್ನು ಬೊಗಸೆಯಂತೆ ಕೂಡಿಸಿ ಕೆಲವೇ ಮೊಟ್ಟೆಗಳನ್ನು ಹಿಡಿದುಕೊಳ್ಳುತ್ತದೆ. ತಕ್ಕ ಎಲೆಯೊಂದನ್ನು ಹುಡುಕಿ ಅಲ್ಲಿ ಅಂಟಿಸಿ ಬರುತ್ತದೆ. ಮತ್ತೆ ಕೆಲವು, ಮತ್ತೊಂದು ಎಲೆ.

ಅದು ತಿನ್ನುವುದು ಕೊಳೆಯನ್ನಲ್ಲ

ಈಗ ಮುಖ್ಯ ವಿಷಯಕ್ಕೆ ಬರೋಣ. ಆ ಮರಳಿನಲ್ಲಿ ಅದು ಏನನ್ನು ಹುಡುಕುತ್ತದೆ?

ಬಾಯಿಯ ಸುತ್ತಲಿನ ಮೀಸೆಗಳು ಅಲಂಕಾರಕ್ಕಲ್ಲ. ಅವು ಅದರ ಬೆರಳುಗಳು, ಅವೇ ಅದರ ನಾಲಗೆ. ಕತ್ತಲ ನೀರಿನಲ್ಲಿ ಕಣ್ಣಿಗೆ ಕಾಣದ್ದನ್ನು ಮುಟ್ಟಿ, ರುಚಿ ನೋಡಿ ತಿಳಿಯುತ್ತದೆ. ಮೂತಿಯನ್ನು ಮರಳಿನೊಳಗೆ ತೂರಿಸಿ ಒಂದು ಬಾಯಿ ಮರಳನ್ನು ಒಳಗೆಳೆದುಕೊಳ್ಳುತ್ತದೆ. ಅದರಲ್ಲಿರುವ ಸಣ್ಣ ಹುಳು, ಸೊಳ್ಳೆಯಂತಹ ಕೀಟಗಳ ಮರಿ, ಸಿಗಡಿಯ ಜಾತಿಯ ಅತಿ ಸಣ್ಣ ಜೀವಿಗಳನ್ನು ಉಳಿಸಿಕೊಂಡು, ಮರಳನ್ನು ಕಿವಿರುಗಳ ಮೂಲಕ ಹೊರಹಾಕುತ್ತದೆ. ನಾವು ಮೊರದಲ್ಲಿ ಅಕ್ಕಿ ಕೇರುವ ಹಾಗೆ. ಕಾಳು ಒಳಗೆ, ಕಲ್ಲು ಹೊರಗೆ.

ಅಂದರೆ ಅದು ಸ್ವಂತ ದುಡಿಮೆಯಿಂದ ತಾಜಾ ಆಹಾರವನ್ನು ಸಂಪಾದಿಸಿ ತಿನ್ನುವ ಮೀನು. ಬೇರೆ ಮೀನುಗಳ ಹೊಲಸು ಅದರ ಆಹಾರವಲ್ಲ. ಮೇಲಿನವರು ಬಿಟ್ಟದ್ದು ತಳಕ್ಕೆ ಬಿದ್ದರೆ ತಿನ್ನುತ್ತದೆ, ನಿಜ. ಆದರೆ ಅಷ್ಟನ್ನೇ ನಂಬಿ ಅದು ಬದುಕಲಾರದು. ಗಾಜಿನ ತೊಟ್ಟಿಯ ಬಣ್ಣದ ಕಲ್ಲುಗಳ ನಡುವೆ ಹುಳುವೂ ಇಲ್ಲ, ಮರಿಯೂ ಇಲ್ಲ. ಒರಟು ಕಲ್ಲು ಮತ್ತು ಅದರ ಎಡೆಯಲ್ಲಿ ಕೊಳೆಯುವ ಕಸದಿಂದ ಮೀಸೆಗಳು ಹಾಳಾಗುತ್ತವೆ. ನನ್ನ ಮಗಳ ಮೀನು ಐದು ವಾರ ಹುಡುಕಿದ್ದು ಅಲ್ಲಿ ಇಲ್ಲದ ಅನ್ನವನ್ನು.

ಇನ್ನೊಂದು ಸೋಜಿಗವನ್ನು ಕೇಳಿ. ಅಮೆಝಾನ್‌ನ ಒಂದೇ ತೋಡಿನಲ್ಲಿ ಈ ಮೀನಿನ ಎರಡು-ಮೂರು ಬೇರೆ ಬೇರೆ ಜಾತಿಗಳು ಒಟ್ಟಿಗೆ ಇರುವುದುಂಟು. ಮೈಯ ಬಣ್ಣ, ಪಟ್ಟೆ, ಚುಕ್ಕೆ ಎಲ್ಲವೂ ಒಂದೇ ತೆರ. ಅಕ್ಕತಂಗಿಯರಿಗೆ ಒಂದೇ ಬಟ್ಟೆ ಹೊಲಿಸಿದಂತೆ. ಆದರೆ ಒಂದರ ಮೂತಿ ಉದ್ದ, ಇನ್ನೊಂದರದು ಗಿಡ್ಡ. ಈ ಬಗ್ಗೆ ನಡೆದ ಅಧ್ಯಯನವೊಂದು 2011ರಲ್ಲಿ ‘ನೇಚರ್’ ವಿಜ್ಞಾನ ಪತ್ರಿಕೆಯಲ್ಲಿ ಪ್ರಕಟವಾಯಿತು. ಒಂದೇ ಬಣ್ಣ ಹೊತ್ತು ಒಟ್ಟಿಗೆ ಬಾಳುವ ಜಾತಿಗಳು ಹೆಚ್ಚಾಗಿ ಹತ್ತಿರದ ಸಂಬಂಧಿಗಳಲ್ಲ, ಅವುಗಳ ಆಹಾರವೂ ಒಂದೇ ಅಲ್ಲ ಎಂದು ಅದು ತೋರಿಸಿತು. ಒಂದೇ ತೋಡು, ಒಂದೇ ಮರಳು. ಒಬ್ಬರ ತುತ್ತಿಗೆ ಇನ್ನೊಬ್ಬರು ಕೈ ಹಾಕುವುದಿಲ್ಲ!

ಇದನ್ನು ಓದುವಾಗ ನನಗೆ ಪವಿತ್ರ ಕುರ್‌ಆನಿನ ಹೂದ್ ಅಧ್ಯಾಯದ 6ನೇ ಸೂಕ್ತ ನೆನಪಾಯಿತು. ಭೂಮಿಯಲ್ಲಿ ಚಲಿಸುವ ಪ್ರತಿಯೊಂದು ಜೀವಿಯ ಅನ್ನದ ಹೊಣೆ ಅಲ್ಲಾಹನ ಮೇಲಿದೆ ಎಂದು ಅದರಲ್ಲಿದೆ. ಅಷ್ಟಕ್ಕೇ ಆ ಸೂಕ್ತ ಮುಗಿಯುವುದಿಲ್ಲ. ಆ ಜೀವಿ ಎಲ್ಲಿ ತಂಗುತ್ತದೆ, ಎಲ್ಲಿಗೆ ಒಪ್ಪಿಸಲ್ಪಡುತ್ತದೆ ಎಂಬುದನ್ನೂ ಅವನು ಅರಿತಿರುವನೆಂದು ಅದು ತಿಳಿಸುತ್ತದೆ. ಚಿಕ್ಕಂದಿನಲ್ಲಿ ಮದ್ರಸದಲ್ಲಿ ಇದನ್ನು ಕಂಠಪಾಠ ಮಾಡಿದ್ದೆ. ಅನ್ನದ ಮಾತಿನ ಜೊತೆಗೇ ಬೀಡಿನ ಮಾತು ಏಕೆ ಬಂದಿದೆ ಎಂದು ಯೋಚಿಸಿದ್ದಿಲ್ಲ. ಅನ್ನ ಇರುವುದು ಬೀಡಿನಲ್ಲಿ. ಬೀಡನ್ನು ಕಿತ್ತುಕೊಂಡವನು ಅನ್ನವನ್ನೂ ಕಿತ್ತುಕೊಂಡ ಹಾಗೆ.

ಗಾಳಿ ಕುಡಿಯುವ ಮೀನು

ನನ್ನ ಮಗಳು ಆಟವೆಂದುಕೊಂಡದ್ದು ಆಟವಾಗಿರಲಿಲ್ಲ. ಈ ಮೀನಿಗೆ ಉಸಿರಾಡಲು ಎರಡು ದಾರಿಗಳಿವೆ. ಒಂದು ಎಲ್ಲ ಮೀನುಗಳಂತೆ ಕಿವಿರು. ಇನ್ನೊಂದು ಕರುಳು. ಆಶ್ಚರ್ಯವಾಯಿತೇ? ಅದು ನೀರಿನ ಮೇಲಕ್ಕೆ ಬಂದು ಒಂದು ಗುಟುಕು ಗಾಳಿಯನ್ನು ನುಂಗುತ್ತದೆ. ಆ ಗಾಳಿ ಕರುಳಿನ ಹಿಂಭಾಗಕ್ಕೆ ಹೋಗುತ್ತದೆ. ಅಲ್ಲಿ ಕರುಳಿನ ಗೋಡೆ ಬಹಳ ತೆಳು, ಅದರ ತುಂಬ ನವಿರಾದ ರಕ್ತನಾಳಗಳು. ಅಲ್ಲಿಂದ ಆಮ್ಲಜನಕ ರಕ್ತಕ್ಕೆ ಸೇರುತ್ತದೆ. ಉಳಿದ ಗಾಳಿ ಹಿಂದಿನಿಂದ ಹೊರಹೋಗುತ್ತದೆ.

ಇದೇಕೆ ಬೇಕಾಯಿತು? ಬೇಸಗೆಯಲ್ಲಿ ನೆರೆ ಇಳಿದು ಹೊಂಡಗಳು ಕಿರಿದಾದಾಗ ನೀರು ಬಿಸಿಯಾಗುತ್ತದೆ. ಎಲೆಗಳು ಕೊಳೆಯುತ್ತವೆ. ನೀರಿನ ಆಮ್ಲಜನಕ ಕುಗ್ಗುತ್ತದೆ. ಕಿವಿರು ಮಾತ್ರ ಇರುವ ಮೀನುಗಳು ಸೋಲುತ್ತವೆ. ಈ ಮೀನು ಮೇಲಿನ ಗಾಳಿಯಿಂದ ಆ ಕಷ್ಟದ ದಿನಗಳನ್ನು ದಾಟುತ್ತದೆ. ನಮ್ಮ ಗದ್ದೆಯ ಹಳ್ಳಗಳಲ್ಲಿ ಸಿಗುವ ಮುಗುಡು ಮೀನೂ ಹೀಗೆಯೇ ಗಾಳಿ ಕುಡಿಯುತ್ತದೆ. ಆದರೆ ಅದರ ಅಂಗವೇ ಬೇರೆ, ಅದು ಕಿವಿರುಗಳ ಮೇಲಿದೆ. ಒಂದೇ ಅಗತ್ಯವನ್ನು ಸೃಷ್ಟಿಕರ್ತನು ಎರಡು ಖಂಡಗಳಲ್ಲಿ ಎರಡು ರೀತಿಯಲ್ಲಿ ಪೂರೈಸಿದ್ದಾನೆ. ಸುಬ್‌ಹಾನಲ್ಲಾಹ್!

ಆರೋಗ್ಯವಾಗಿರುವ ಕೋರಿಡೊರಾಸ್ ಕೂಡಾ ಆಗೊಮ್ಮೆ ಈಗೊಮ್ಮೆ ಮೇಲೆ ಬರುತ್ತದೆ. ಆದರೆ ಮತ್ತೆ ಮತ್ತೆ ಬರುತ್ತಿದ್ದರೆ ನೀರು ಕೆಟ್ಟಿದೆ ಎಂದರ್ಥ. ನಮ್ಮ ಮನೆಯಲ್ಲಿ ಅದು ದಿನಕ್ಕೆ ಹತ್ತಾರು ಬಾರಿ ಬರುತ್ತಿತ್ತು. ತನಗೆ ತಿಳಿದ ಭಾಷೆಯಲ್ಲಿ ಅದು ಹೇಳುತ್ತಲೇ ಇತ್ತು. ನಾವು ನಗುತ್ತಿದ್ದೆವು.

ಒಂಟಿಯಾಗಿ ಬದುಕದ ಸಮುದಾಯ

ಅನ್‌ಆಮ್ ಅಧ್ಯಾಯದ 38ನೇ ಸೂಕ್ತದಲ್ಲಿ, ನೆಲದ ಮೇಲೆ ನಡೆಯುವ ಪ್ರಾಣಿಗಳೂ ರೆಕ್ಕೆ ಬಡಿಯುವ ಹಕ್ಕಿಗಳೂ ನಮ್ಮಂತೆಯೇ ಸಮುದಾಯಗಳೆಂದು ತಿಳಿಸಲಾಗಿದೆ. ಕೋರಿಡೊರಾಸನ್ನು ನೋಡಿದರೆ ಈ ಮಾತಿನ ಆಳ ತಿಳಿಯುತ್ತದೆ. ಇದು ಒಂಟಿಯಾಗಿ ಬದುಕುವ ಮೀನಲ್ಲ. ಹತ್ತಾರು, ಕೆಲವೊಮ್ಮೆ ನೂರಾರು ಸಂಖ್ಯೆಯಲ್ಲಿ ಒಟ್ಟಿಗೆ ತಳದಲ್ಲಿ ಸಾಗುತ್ತವೆ. ಒಟ್ಟಿಗೆ ಕೆದಕುತ್ತವೆ, ಒಟ್ಟಿಗೆ ವಿಶ್ರಮಿಸುತ್ತವೆ. ಕಂಚಿನ ಜಾತಿಯ ಮೀನುಗಳು ಹೊರಡುವಾಗ ಪಕ್ಕದ ಮೀನನ್ನು ಮೈಯಿಂದ ಮೆಲ್ಲನೆ ತಟ್ಟುತ್ತವೆ. ‘ಏಳು, ಹೋಗೋಣ’ ಎಂಬಂತೆ! ಕೇಂಬ್ರಿಡ್ಜ್ ವಿಶ್ವವಿದ್ಯಾನಿಲಯದ ಸಂಶೋಧಕರು ಇದನ್ನು ಅಧ್ಯಯನ ಮಾಡಿ, ಗುಂಪು ಚದುರದೆ ಒಟ್ಟಿಗೆ ಸಾಗಲು ಈ ತಟ್ಟುವಿಕೆ ನೆರವಾಗುತ್ತದೆಂದು 2019ರಲ್ಲಿ ಬರೆದರು.

ಅಂತಹ ಮೀನನ್ನು ಒಂದೇ ಒಂದು ತಂದು ತೊಟ್ಟಿಗೆ ಹಾಕಿದ್ದೆವು. ತಟ್ಟಲು ಅದಕ್ಕೆ ಯಾರೂ ಇರಲಿಲ್ಲ.

ಊರಿಗೆ ಬಂದ ಕಷ್ಟ

ಹಾಗಾದರೆ ಊರಿನಲ್ಲಿರುವ ಮೀನುಗಳು ನೆಮ್ಮದಿಯಲ್ಲಿವೆಯೇ? ಇಲ್ಲ ಸಹೋದರಿಯರೇ.

2023ರಲ್ಲಿ ಅಮೆಝಾನ್‌ನಲ್ಲಿ ಭೀಕರ ಬರ ಬಂತು. ಅಕ್ಟೋಬರಿನಲ್ಲಿ ಮನೌಸ್ ಬಳಿ ರಿಯೊ ನೆಗ್ರೊ, 1902ರಲ್ಲಿ ಅಳತೆ ಆರಂಭವಾದಂದಿನಿಂದ ಎಂದೂ ಕಾಣದಷ್ಟು ಕೆಳಗಿಳಿಯಿತು. ಮರುವರ್ಷ, 2024ರ ಅಕ್ಟೋಬರಿನಲ್ಲಿ, ಅದಕ್ಕಿಂತಲೂ ಕೆಳಗಿಳಿಯಿತು. 2023ರ ಸೆಪ್ಟಂಬರ್ ಕೊನೆಯಲ್ಲಿ ಟೆಫೆ ಎಂಬ ಸರೋವರದ ನೀರಿನ ಉಷ್ಣತೆ 39 ಡಿಗ್ರಿ ದಾಟಿತು. ಜ್ವರ ಬಂದ ಮಗುವಿನ ಮೈಯಷ್ಟು ಬಿಸಿ! 200ಕ್ಕೂ ಹೆಚ್ಚು ನದಿ ಡಾಲ್ಫಿನ್‌ಗಳು ಅಲ್ಲಿ ಸತ್ತವು. ಡಾಲ್ಫಿನ್ ಸತ್ತರೆ ಜಗತ್ತಿಗೆ ಗೊತ್ತಾಗುತ್ತದೆ. ತಳದ ಪುಟ್ಟ ಮೀನುಗಳ ಲೆಕ್ಕವನ್ನು ಯಾರು ಇಡುತ್ತಾರೆ?

ಇನ್ನೊಂದು ವಿಪತ್ತು ಚಿನ್ನದ್ದು. ಅಮೆಝಾನ್‌ನ ಹಲವು ನದಿಗಳಲ್ಲಿ ಕಾನೂನಿಗೆ ವಿರುದ್ಧವಾಗಿ ಯಂತ್ರಗಳಿಂದ ತಳವನ್ನು ಹೀರಿ ಚಿನ್ನ ತೆಗೆಯುತ್ತಾರೆ. ಮರಳಿನಿಂದ ಚಿನ್ನವನ್ನು ಬೇರ್ಪಡಿಸಲು ಪಾದರಸ ಬಳಸುತ್ತಾರೆ. ಆ ಪಾದರಸ ನೀರು, ಕೆಸರು, ಮೀನು, ಕೊನೆಗೆ ಮೀನು ತಿನ್ನುವ ಮನುಷ್ಯರ ಮೈಗೆ ಸೇರುತ್ತದೆ. ಬ್ರೆಝಿಲ್‌ನ ಯಾನೊಮಾಮಿ ಎಂಬ ಆದಿವಾಸಿಗಳ ನೆಲದಲ್ಲಿ ಈ ಗಣಿಗಾರಿಕೆ ಮಿತಿಮೀರಿ, ಮಕ್ಕಳು ಹಸಿವು ಮತ್ತು ಮಲೇರಿಯಾದಿಂದ ನರಳಿದರು. 2023ರ ಜನವರಿಯಲ್ಲಿ ಅಲ್ಲಿನ ಸರಕಾರ ಆರೋಗ್ಯ ತುರ್ತುಸ್ಥಿತಿಯನ್ನು ಘೋಷಿಸಬೇಕಾಯಿತು. ಕದ್ದು ತೆಗೆದ ಆ ಚಿನ್ನವೂ ಲೋಕದ ಮಾರುಕಟ್ಟೆಗೆ ಸೇರಿ, ಉಳಿದ ಚಿನ್ನದೊಡನೆ ಕರಗಿ ಒಂದಾಗುತ್ತದೆ. ಮದುವೆಗೆ ಇಷ್ಟು ಪವನು, ಅಷ್ಟು ಪವನು ಎಂದು ನಾವು ಲೆಕ್ಕ ಹಾಕುವಾಗ, ಚಿನ್ನದ ಆಸೆಗೆ ಎಲ್ಲೋ ಒಂದು ನದಿಯ ತಳ ಬೆಲೆ ತೆರುತ್ತಿದೆ ಎಂಬ ನೆನಪಾದರೂ ಇರಲಿ. ಮನುಷ್ಯರ ಕೈಗಳ ಗಳಿಕೆಯಿಂದಲೇ ನೆಲದಲ್ಲೂ ಜಲದಲ್ಲೂ ಕೇಡು ಹರಡಿತೆಂದು ರೂಮ್ ಅಧ್ಯಾಯದಲ್ಲಿ ಎಚ್ಚರಿಸಿರುವುದು ಸುಮ್ಮನೆ ಅಲ್ಲ.

ನಮ್ಮ ಕೈಗೆ ಬಂದ ಮೇಲೆ

ಹಾಗೆಂದು ಮೀನು ಸಾಕುವುದೇ ತಪ್ಪೆಂದು ನಾನು ಹೇಳುತ್ತಿಲ್ಲ. ಹಝ್ರತ್ ಅನಸ್(ರ)ರ ಪುಟ್ಟ ತಮ್ಮ ಅಬೂ ಉಮೈರ್ ಒಂದು ಸಣ್ಣ ಹಕ್ಕಿಯೊಡನೆ ಆಡುತ್ತಿದ್ದ. ಪ್ರವಾದಿ(ಸ) ಆ ಮನೆಗೆ ಬಂದಾಗ ಅವನೊಡನೆ ಪ್ರೀತಿಯಿಂದ ಹಕ್ಕಿಯ ಸಮಾಚಾರ ವಿಚಾರಿಸುತ್ತಿದ್ದರು. ಮಕ್ಕಳು ಜೀವಿಗಳನ್ನು ಪ್ರೀತಿಸಲಿ. ಆದರೆ ಸಾಕುವ ಜೀವಿಯ ಹೊಣೆ ಹಿರಿಯರದು. ತೊಟ್ಟಿಗೆ ಹಾಕಿದ ಕ್ಷಣದಿಂದ ಅದು ನಮ್ಮ ಕೈಯಲ್ಲಿರುವ ಅಮಾನತ್ತು. ತನ್ನ ಅನ್ನವನ್ನು ತಾನೇ ಹುಡುಕುವ ದಾರಿಯನ್ನು ನಾವು ಮುಚ್ಚಿದ್ದೇವೆ. ಇನ್ನು ಅದರ ಅನ್ನಕ್ಕೆ ನಾವು ಉತ್ತರ ಹೇಳಬೇಕು.

ನಿಮ್ಮ ಮನೆಯಲ್ಲಿ ಈ ಮೀನು ಇದ್ದರೆ ದಯವಿಟ್ಟು ಇವನ್ನು ಗಮನಿಸಿ:

ಒಂದು, ಅದಕ್ಕೆ ಪ್ರತ್ಯೇಕ ಆಹಾರ ಹಾಕಿ. ತಳಕ್ಕೆ ಮುಳುಗುವ ಗುಳಿಗೆಗಳು ಅಂಗಡಿಯಲ್ಲಿ ಸಿಗುತ್ತವೆ. ದೀಪ ಆರಿಸಿದ ಬಳಿಕ ಹಾಕಿದರೆ ಮೇಲಿನ ಮೀನುಗಳ ಪೈಪೋಟಿ ಕಡಿಮೆ.

ಎರಡು, ತಳಕ್ಕೆ ಚೂಪುಕಲ್ಲಿನ ಬದಲು ಚೆನ್ನಾಗಿ ತೊಳೆದ ನುಣ್ಣನೆಯ ನದಿ ಮರಳು ಹಾಕಿ.

ಮೂರು, ಒಂದನ್ನು ಸಾಕಬೇಡಿ. ಒಂದೇ ಜಾತಿಯ ಐದಾರು ಇರಲಿ. ಅಷ್ಟಕ್ಕೆ ಸಾಕಾಗುವ ತೊಟ್ಟಿ ಇಲ್ಲದಿದ್ದರೆ ತರಲೇ ಬೇಡಿ.

ನಾಲ್ಕು, ನೀರಿನ ಒಂದು ಭಾಗವನ್ನು ವಾರಕ್ಕೊಮ್ಮೆ ಬದಲಿಸಿ. ನಳ್ಳಿಯ ನೀರಾದರೆ ಕ್ಲೋರಿನ್ ಹೋಗಿರಬೇಕು. ಈ ಮೀನು ಎಂದೂ ಆ ಕೆಲಸವನ್ನು ನಿಮಗಾಗಿ ಮಾಡಿಕೊಡುವುದಿಲ್ಲ.

ಐದು, ಸಾಕಲು ಸಾಧ್ಯವಾಗದಿದ್ದರೆ ಸಾಕುವ ಬೇರೆಯವರಿಗೆ ಕೊಡಿ. ‘ಪಾಪ, ಬದುಕಿಕೊಳ್ಳಲಿ’ ಎಂದು ಕೆರೆಗೋ, ಹೊಳೆಗೋ, ಮಸೀದಿಯ ಕೊಳಕ್ಕೋ ಬಿಡಬೇಡಿ. ದಕ್ಷಿಣ ಅಮೆರಿಕದ್ದೇ ಆದ ಇನ್ನೊಂದು ಕವಚದ ಮೀನಿದೆ. ಅಂಗಡಿಯಲ್ಲಿ ‘ಸಕ್ಕರ್’ ಎನ್ನುತ್ತಾರೆ. ಮರಿಯಾಗಿದ್ದಾಗ ಬೆರಳುದ್ದ, ಬೆಳೆದರೆ ಮೊಳದುದ್ದ. ತೊಟ್ಟಿಯಿಂದ ಹೊರಬಿದ್ದ ಅದು ಕೇರಳ, ತಮಿಳುನಾಡು, ಆಂಧ್ರದ ನೀರುಗಳಲ್ಲಿ ಹರಡಿದೆ. ವಾರಣಾಸಿಯ ಗಂಗೆಯಲ್ಲೂ 2020ರಲ್ಲಿ ಸಿಕ್ಕಿತು. ದಡಗಳಲ್ಲಿ ಬಿಲ ತೋಡುತ್ತದೆ, ಬೆಸ್ತರ ಬಲೆ ಹರಿಯುತ್ತದೆ, ಅಲ್ಲಿನ ಮೀನುಗಳ ಅನ್ನಕ್ಕೆ ಪಾಲುದಾರನಾಗುತ್ತದೆ. ನಮ್ಮ ಕನಿಕರ ಇನ್ನೊಂದು ಜೀವಿಗೆ ಕೇಡಾಗಬಾರದು.

ನಮ್ಮ ಮನೆಯ ತಳದಲ್ಲಿರುವವರು

ಕೊನೆಯದಾಗಿ ಒಂದು ಮಾತು. ‘ಇದಕ್ಕೆ ಏನೂ ಹಾಕಬೇಕಾಗಿಲ್ಲ, ಉಳಿದದ್ದನ್ನು ತಿಂದುಕೊಂಡಿರುತ್ತದೆ’ ಎಂಬ ಮಾತನ್ನು ನಾನು ಅಷ್ಟು ಸುಲಭವಾಗಿ ಏಕೆ ನಂಬಿದೆ? ಆ ದಿನಗಳಲ್ಲಿ ಈ ಪ್ರಶ್ನೆ ನನ್ನನ್ನು ಬಹಳ ಕಾಡಿತು. ಆ ಮಾತು ನನ್ನ ಕಿವಿಗೆ ಹೊಸದಾಗಿರಲಿಲ್ಲ, ಅದಕ್ಕೇ ನಂಬಿದೆ.

ನಮ್ಮ ಮನೆಗಳಲ್ಲಿ ಪಾತ್ರೆ ತೊಳೆದು, ನೆಲ ಒರೆಸಿ ಹೋಗುವ ಹೆಂಗಸಿಗೆ ನಾವು ಕೊಡುವುದು ಏನು? ನಿನ್ನೆಯ ಸಾರು, ಮೊನ್ನೆಯ ಪತ್ತಿರಿ. ಫ್ರಿಜ್ಜಿನಿಂದ ತೆಗೆದು, ಮೂಸಿ ನೋಡಿ, ‘ಅವಳಿಗೆ ಆದೀತು’ ಎನ್ನುತ್ತೇವೆ. ಅಡುಗೆ ಮಾಡಿಕೊಟ್ಟ ಸೇವಕನನ್ನು ಜೊತೆಗೆ ಕೂರಿಸಿಕೊಳ್ಳಿ, ಆಗದಿದ್ದರೆ ಅದೇ ಊಟದಿಂದ ಒಂದೆರಡು ತುತ್ತನ್ನಾದರೂ ಅವನಿಗೆ ಕೊಡಿ, ಒಲೆಯ ಬಿಸಿಯನ್ನು ಸಹಿಸಿದವನು ಅವನೇ ಎಂಬರ್ಥದಲ್ಲಿ ಪ್ರವಾದಿ(ಸ) ಬೋಧಿಸಿದ್ದಾರೆ. ನಾವು ತಿನ್ನುವುದನ್ನೇ ಅವರಿಗೂ ತಿನ್ನಿಸಬೇಕೆಂದು ಹಝ್ರತ್ ಅಬೂದರ್ರ್(ರ)ರಿಗೆ ತಿಳಿಸಿದ ಹದೀಸೂ ಇದೆ. ಉಳಿದದ್ದನ್ನಲ್ಲ, ತಿನ್ನುವುದನ್ನೇ.

ಸೇವಕಿಯ ಮಾತು ಬಿಡಿ. ಎಷ್ಟು ಮನೆಗಳಲ್ಲಿ ಸೊಸೆಯೋ, ತಾಯಿಯೋ ಎಲ್ಲರಿಗೂ ಬಡಿಸಿ, ಪಾತ್ರೆಯ ತಳದಲ್ಲಿ ಅಂಟಿಕೊಂಡದ್ದನ್ನು ಕೆರೆದು ತಿನ್ನುತ್ತಾಳೆ? ಯಾರೂ ಅವಳಿಗೆ ಅನ್ಯಾಯ ಮಾಡಬೇಕೆಂದು ಬಯಸಿರುವುದಿಲ್ಲ. ‘ಅವಳು ಹೇಗೋ ತಿಂದುಕೊಳ್ಳುತ್ತಾಳೆ’ ಎಂದುಕೊಂಡಿರುತ್ತಾರೆ ಅಷ್ಟೆ. ನಾನೂ ಆ ಮೀನಿನ ಬಗ್ಗೆ ಅಷ್ಟನ್ನೇ ಅಂದುಕೊಂಡಿದ್ದೆ. ಬೆಕ್ಕನ್ನು ಕಟ್ಟಿಹಾಕಿದ ಆ ಮಹಿಳೆಯೂ ಒಂದು ವೇಳೆ ಹಾಗೆಯೇ ಅಂದುಕೊಂಡಿದ್ದಳೋ ಏನೋ, ಅಲ್ಲಾಹನೇ ಬಲ್ಲ.

ಮಗಳ ಪ್ರಶ್ನೆಗೆ ನಾನು ಉತ್ತರ ಕೊಟ್ಟದ್ದು ಒಂದು ವಾರದ ಬಳಿಕ. “ಹೌದು ಮಗಳೇ, ಅದೂ ಬೆಕ್ಕೇ. ತಪ್ಪು ನಿನ್ನದಲ್ಲ, ಉಮ್ಮನದು. ನಾನು ತೌಬಾ ಮಾಡಿದ್ದೇನೆ” ಎಂದೆ. ಗೋಲ್ಡ್‌ಫಿಶ್‌ಗಳನ್ನು ದೊಡ್ಡ ತೊಟ್ಟಿ ಇರುವ ನೆರೆಮನೆಗೆ ಕೊಟ್ಟೆವು. ಖಾಲಿಯಾದ ನಮ್ಮ ತೊಟ್ಟಿಯಲ್ಲಿ ಈಗ ಪುದೀನ ಬೆಳೆಯುತ್ತಿದೆ.

ಆ ದಿನದಿಂದ ನಮ್ಮ ಮನೆಯಲ್ಲಿ ಒಂದು ಬದಲಾವಣೆಯಾಗಿದೆ. ಕೆಲಸಕ್ಕೆ ಬರುವ ಅಕ್ಕನಿಗೆ ಬೆಳಗಿನ ತಿಂಡಿಯನ್ನು ನನ್ನ ಮಗಳೇ ಬಡಿಸುತ್ತಾಳೆ. ಬಡಿಸುವುದು ನಾವು ತಿನ್ನುವ ಮೊದಲು, ಬಿಸಿ ಇರುವಾಗಲೇ.

ನಿಮ್ಮ ಮನೆಯಲ್ಲೂ ಇಂದು ಒಮ್ಮೆ ನೋಡಿ ಸಹೋದರಿಯರೇ. ಎಲ್ಲರ ಊಟವೂ ಮೇಲೆಯೇ ಮುಗಿದುಹೋಗುತ್ತಿದೆಯೇ? ತಳದಲ್ಲಿ ಯಾರಾದರೂ ಹುಡುಕುತ್ತಿದ್ದಾರೆಯೇ?

ನಮ್ಮ ಕೈಗೆ ಒಪ್ಪಿಸಿದ ಪ್ರತಿಯೊಂದು ಜೀವದ ಹಕ್ಕನ್ನು ಸಲ್ಲಿಸುವ ಸೌಭಾಗ್ಯವನ್ನು ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ. ಆಮೀನ್.